ನನ್ನ ದನಿಯಲ್ಲಿ ಹೋದ ಫೋನು

ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸದೆ ನಾನು ಯಾವತ್ತೂ ಕೊಂಡವಳಲ್ಲ. ಒಳಗೆ ನೀರಿನ ಸದ್ದು ಕೇಳಿದ ಮೇಲೂ ಬೆರಳ ಗೆಣ್ಣಿನಿಂದ ಒಮ್ಮೆ ಕುಟ್ಟುತ್ತೇನೆ. ಕುಟ್ಟಿದ ಮೇಲೆ ಅದನ್ನು ಅಲ್ಲೇ ಬಿಟ್ಟು ಪಕ್ಕದ್ದನ್ನು ಎತ್ತಿಕೊಳ್ಳುತ್ತೇನೆ. ಹುಣಸೂರು ಮಾರ್ಕೆಟ್ಟಿನ ಕಾಯಿ ಅಂಗಡಿಯವನು ನನ್ನನ್ನು ದೂರದಲ್ಲಿ ಕಂಡರೆ ಸಾಕು, ‘ಬನ್ನಿ ಮೇಡಂ, ಡಾಕ್ಟ್ರು ಬಂದ್ರು ಅಂತ ಕಾಯ್ಗಳೆಲ್ಲ ಎದ್ರುಕೊಂಡು ಕೂತವೆ’ ಎನ್ನುತ್ತಾನೆ. ಅವನು ನಗುವ ರೀತಿ ನೋಡಿದರೆ ಒಳ್ಳೆಯ ಕಾಯಿಗಳನ್ನು ಹಿಂದೆ ಬಚ್ಚಿಟ್ಟಿದ್ದಾನೆ ಎಂದೇ ನನಗೆ ಅನ್ನಿಸುತ್ತದೆ.

ಇದು ನನಗೆ ಅಜ್ಜಿಯ ಕಡೆಯಿಂದ ಬಂದ ಆಸ್ತಿ. ಕೆ.ಆರ್. ನಗರದ ಕಡೆ, ನಾಲೆ ಬಯಲಿನ ಊರಿನವಳು ನಮ್ಮಜ್ಜಿ. ಹಾಲಿನವನು ಬಂದರೆ ಹೆಬ್ಬೆರಳ ಉಗುರಿನ ಮೇಲೆ ಒಂದು ತೊಟ್ಟು ಬಿಡಿಸಿಕೊಂಡು, ಅದು ಜಾರುತ್ತದೋ ನಿಲ್ಲುತ್ತದೋ ಎಂದು ಬೆಳಕಿಗೆ ಹಿಡಿದು ನೋಡಿದ ಮೇಲೆಯೇ ಪಾತ್ರೆ ಮುಂದೆ ಮಾಡುತ್ತಿದ್ದಳು. ನಮ್ಮಪ್ಪ ಹೆಣ್ಣು ನೋಡಲು ಹೋದಾಗ ‘ನಾವೂ ಹೊಲ ಗೇಯುವ ಮಂದಿಯೇ’ ಎಂದು ಹೇಳಿಕೊಂಡರಂತೆ. ಇಸ್ತ್ರಿ ಮಾಡಿದ ಅಂಗಿಯವನ ಆ ಮಾತನ್ನು ಅಜ್ಜಿ ನಂಬಲಿಲ್ಲ. ಉಪ್ಪಿಟ್ಟು ಕೊಡಬೇಕಾದ ಹೊತ್ತಿನಲ್ಲಿ ಅವರ ಮುಂದೆ ಬಿಸಿ ಮುದ್ದೆ ಇಡಿಸಿ, ಬಾಗಿಲ ಸಂದಿಯಿಂದ ನೋಡುತ್ತ ನಿಂತಳಂತೆ. ನುಂಗಿದರೆ ಒಕ್ಕಲುಮಗ, ಅಗಿದರೆ ಸುಳ್ಳುಗಾರ. ಅಪ್ಪ ನುಂಗಿದರು. ಕಣ್ಣಲ್ಲಿ ನೀರು ಬಂದರೂ ನುಂಗಿದರು. ಆ ಒಂದು ತುತ್ತಿನಿಂದಾಗಿ ನಾನು ಹುಟ್ಟಿ, ಬಿ.ಇಡಿ. ಮುಗಿಸಿ, ಬೆಟ್ಟದಪುರದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದೇನೆ.

ಇಂಥ ವಂಶದವಳ ಕೈಗೆ ಮಕ್ಕಳ ಇಷ್ಟಗಳನ್ನು ಒಪ್ಪಿಸಿದ್ದು ನಮ್ಮ ಹೆಡ್‌ಮಾಸ್ಟರು. ಮೈಸೂರಿನಲ್ಲಿ ಯಾವುದೋ ತರಬೇತಿ ಮುಗಿಸಿಕೊಂಡು ಬಂದವರು, ಒಂಬತ್ತನೇ ತರಗತಿಗೆ ಶನಿವಾರ ಬೆಳಗ್ಗೆ ಹೊಸದೊಂದು ಪೀರಿಯಡ್ಡು ಇಟ್ಟರು. ಅದರ ಹೆಸರು ‘ನನ್ನ ಇಷ್ಟ’. ಪ್ರತಿ ಮಗುವೂ ತನಗೆ ನಿಜವಾಗಿ ಇಷ್ಟವಿರುವ ಒಂದು ವಿಷಯವನ್ನು ತಾನೇ ಹುಡುಕಿ, ತಯಾರಾಗಿ, ಎಲ್ಲರ ಮುಂದೆ ನಿಂತು ಹೇಳಬೇಕು. ಕೇಳಿದವರು ಚೀಟಿಯಲ್ಲಿ ಒಂದು ಮೆಚ್ಚುಗೆ, ಒಂದು ಪ್ರಶ್ನೆ ಬರೆದು ಕೊಡಬೇಕು. ಟೀಚರು ಬಾಯಿ ಹಾಕಬಾರದು.

‘ಬಾಯಿ ಹಾಕದೆ ಇದ್ರೆ ಯಾರ್ದು ಯಾರು ಮಾಡಿದ್ದು ಅಂತ ಗೊತ್ತಾಗೋದು ಹೆಂಗೆ ಸಾರ್?’ ಎಂದೆ.

‘ನೀವು ಸ್ವಲ್ಪ ನಂಬಿ ಮೇಡಂ’ ಎಂದರು.

ನಂಬಿದೆ. ಮೊದಲ ಶನಿವಾರ ಒಬ್ಬ ಹುಡುಗ ಥರ್ಮಾಕೋಲಿನ ಜ್ವಾಲಾಮುಖಿಯನ್ನು ಹೊತ್ತು ತಂದ. ಅದರೊಳಗೆ ಕೆಂಪು ಬಲ್ಬು ಮಿಣುಕುತ್ತಿತ್ತು, ಮೇಲಿನಿಂದ ನೊರೆ ಉಕ್ಕುತ್ತಿತ್ತು. ಪೇಪರು ನೋಡಿಕೊಂಡು ಗಡಗಡನೆ ಓದಿದ. ನನ್ನ ಬಾಯಿ ತಡೆಯಲಿಲ್ಲ. ‘ಈ ವೈರು ಎಲ್ಲಿಗೆ ಹೋಗುತ್ತೆ? ಈ ನೊರೆ ಯಾವುದರದು? ನಿಜ್ವಾ? ನಿಜವಾಗ್ಲೂ ನೀನೇ ಮಾಡಿದ್ದಾ?’ ಎಂದು ಒಂದೇ ಸಮನೆ ಕೇಳಿದೆ. ಹುಡುಗ ಬೆವೆತು, ‘ನಮ್ ಮಾವ, ಮಿಸ್. ಪಿರಿಯಾಪಟ್ನದಲ್ಲಿ ಎಲೆಕ್ಟ್ರಿಕಲ್ ಅಂಗಡಿ ಮಡ್ಗವ್ರೆ’ ಎಂದು ಒಪ್ಪಿಕೊಂಡ. ಅಜ್ಜಿ ಬಾಗಿಲ ಸಂದಿಯಲ್ಲಿ ನಿಂತು ಗೆದ್ದಂತೆ ನಾನೂ ಗೆದ್ದೆ ಅಂದುಕೊಂಡೆ. ಆದರೆ ಮುಂದಿನ ಬೆಂಚಿನ ಅಭಿ ಎದ್ದು ನಿಂತು, ಆ ಹುಡುಗನಿಗೆ ಮೆಲ್ಲಗೆ ಹೇಳಿದ: ‘ಬೆಟ್ಟ ಚೆನ್ನಾಗದೆ ಕಣ್ಲಾ. ಆದ್ರೆ ನಿಂಗೇನಿಷ್ಟ ಅಂತ ನೀನು ಯೋಳ್ಲೇ ಇಲ್ವಲ್ಲ.’ ನನ್ನ ಪ್ರಶ್ನೆಗಳಿಗೆ ಬೆವೆತ ಹುಡುಗ ಈ ಮಾತಿಗೆ ತಲೆಯೆತ್ತಿದ. ‘ನಂಗೆ ಕೋಳಿ ಇಷ್ಟ’ ಎಂದ. ಮುಂದಿನ ಶನಿವಾರ ನಾಟಿ ಕೋಳಿಯೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದು, ಪೀರಿಯಡ್ಡು ಮುಗಿದರೂ ನಿಲ್ಲಿಸದೆ ಮಾತಾಡಿದ.

ಚೀಟಿಗಳ ಮೇಲೂ ನನಗೆ ಗುಮಾನಿ. ಎಲ್ಲದರಲ್ಲೂ ‘ತುಂಬಾ ಚೆನ್ನಾಗಿತ್ತು’. ಇವರೆಲ್ಲ ಒಳಗೊಳಗೇ ಮಾತಾಡಿಕೊಂಡಿದ್ದಾರೆ, ನೀನು ನನ್ನನ್ನು ಹೊಗಳು ನಾನು ನಿನ್ನನ್ನು ಹೊಗಳುತ್ತೇನೆ ಎಂಬ ಒಪ್ಪಂದ ಎಂದುಕೊಂಡು ಚೀಟಿಯನ್ನೇ ರದ್ದು ಮಾಡಿದೆ. ಹೇಳುವುದನ್ನು ಎದ್ದು ನಿಂತು ಬಾಯಲ್ಲೇ ಹೇಳಬೇಕು ಎಂದೆ.

ಹೀಗಿರುವಾಗ ಸಿಂಚನಳ ಸರದಿ ಬಂತು.

ಸಿಂಚನ ತರಗತಿಯಲ್ಲಿ ಇದ್ದಾಳೋ ಇಲ್ಲವೋ ತಿಳಿಯದಂಥ ಹುಡುಗಿ. ಹಾಜರಿ ಕರೆದಾಗ ‘ಪ್ರೆಸೆಂಟ್ ಮಿಸ್’ ಎನ್ನುವುದು ಬಿಟ್ಟರೆ ಅವಳ ದನಿಯನ್ನು ನಾನು ಕೇಳಿದ್ದೇ ಕಡಿಮೆ. ಅವಳು ಚಾರ್ಟು ತಂದಿರಲಿಲ್ಲ, ಪೇಪರೂ ಇರಲಿಲ್ಲ. ಬರಿಗೈಯಲ್ಲಿ ಬಂದು ನಿಂತಳು. ತಯಾರಿಯೇ ಮಾಡಿಲ್ಲ, ಏನಾದರೊಂದು ನೆಪ ಹೇಳುತ್ತಾಳೆ ಎಂದು ನಾನು ಕಾದೆ.

‘ನಂಗೆ ದನಿ ಇಷ್ಟ’ ಎಂದಳು. ಆಮೇಲೆ ಕಣ್ಣು ಮುಚ್ಚಿ, ‘ಪಿರಿಯಾಪಟ್ನ ಪಿರಿಯಾಪಟ್ನ ಪಿರಿಯಾಪಟ್ನಾ... ಒಳಗೋಗಿ ಒಳಗೋಗಿ, ಒಳಗೆ ಜಾಗ ಅದೆ!’ ಎಂದಳು. ಬಸ್ಸೇ ತರಗತಿಯೊಳಗೆ ಬಂದಂತಾಯಿತು. ತರಕಾರಿ ಆಟೋದ ಮೈಕು ಬಂತು, ಅದರ ಕರಕರ ಸಮೇತ. ಬಿಸಿಯೂಟದ ಅಕ್ಕ ಬಂದು ಸಾರು ಚೆಲ್ಲಿದವರಿಗೆ ಬೈದು ಹೋದಳು. ಪ್ರಾರ್ಥನೆಯ ಹೊತ್ತಿನಲ್ಲಿ ಹೆಡ್‌ಮಾಸ್ಟರು ಗಂಟಲು ಸರಿಮಾಡಿಕೊಂಡರು. ಮಕ್ಕಳು ಬೆಂಚಿನ ಮೇಲೆ ಬಿದ್ದು ನಗುತ್ತಿದ್ದರು. ಕೊನೆಗೆ ಅವಳು ಕಣ್ಣು ಬಿಟ್ಟು, ತಲೆಯನ್ನು ಸ್ವಲ್ಪ ಓರೆ ಮಾಡಿ, ‘ನಿಜ್ವಾ? ನಿಜವಾಗ್ಲೂ?’ ಎಂದಳು.

ಎಲ್ಲರೂ ನನ್ನ ಮುಖ ನೋಡಿದರು. ನಾನು ನಕ್ಕೆ. ನಗದಿದ್ದರೆ ಮರ್ಯಾದೆ ಇರುತ್ತಿರಲಿಲ್ಲ. ಅಷ್ಟು ಸಣ್ಣದಾಗಿ, ಅಷ್ಟು ಚೂಪಾಗಿ ಇದೆಯೇ ನನ್ನ ದನಿ?

ಎಲ್ಲರೂ ನಗುವಾಗ ಒಬ್ಬಳು ಮಾತ್ರ ನಕ್ಕಿರಲಿಲ್ಲ. ಹಿಂದಿನ ಬೆಂಚಿನ ಪವಿತ್ರ. ಹೊಗೆಸೊಪ್ಪನ್ನು ಗೂಡಿನ ಬಿಸಿಯಲ್ಲಿ ಬೇಯಿಸುವ ತಿಂಗಳುಗಳಲ್ಲಿ ಬಹಳ ದಿನ ಶಾಲೆಗೆ ಬಾರದೆ, ಆಮೇಲೊಂದು ದಿನ ತಾನಾಗಿಯೇ ಬಂದು ಕೂತಿದ್ದ ಹುಡುಗಿ. ಸೊಪ್ಪಿನ ಅಂಟು ಹಿಡಿದ ಬೆರಳುಗಳ ಕಪ್ಪು ಇನ್ನೂ ಹೋಗಿರಲಿಲ್ಲ. ‘ನಿನಗೆ ಏನನ್ನಿಸಿತು, ಹೇಳು’ ಎಂದೆ. ಅವಳು ಎದ್ದು ನಿಂತು, ಸಿಂಚನಳ ಕಡೆ ಒಮ್ಮೆ ನೋಡಿ, ‘ಏನಿಲ್ಲ ಮಿಸ್, ಚೆನ್ನಾಗಿತ್ತು’ ಎಂದು ತಟಕ್ಕನೆ ಕೂತಳು.

ಅಷ್ಟರಲ್ಲಿ ಅಭಿ ಎದ್ದ. ‘ಇದ್ನೆಲ್ಲ ಎಲ್ಲಿ ಪ್ರಾಕ್ಟೀಸ್ ಮಾಡ್ತೀಯ?’

‘ಫೋನಲ್ಲಿ...’ ಎಂದ ಸಿಂಚನ ಅಲ್ಲಿಗೇ ನಿಂತಳು. ‘ಫೋನಲ್ಲಿ ಕೇಳ್ಕಂಡು, ಆಮೇಲೆ ಮಾಡ್ತೀನಿ’ ಎಂದು ತೇಪೆ ಹಾಕಿದಳು.

ಆ ತೇಪೆ ನನ್ನ ಕಣ್ಣಿಗೆ ಬಿತ್ತು.

ಸ್ಟಾಫ್ ರೂಮಿಗೆ ಹೋಗುವ ದಾರಿಯಲ್ಲೇ ಒಂದೊಂದೂ ಹೊಳೆಯತೊಡಗಿತು. ಈ ವರ್ಷ ಎಷ್ಟು ತಾಯಂದಿರು ನನಗೆ ಫೋನು ಮಾಡಿ ‘ಮಗೀಗೆ ಜ್ವರ ಮೇಡಂ’ ಎಂದಿಲ್ಲ? ಎಲ್ಲರ ದನಿಯೂ ಒಂದೇ ಥರ ಇರಲಿಲ್ಲವೇ? ಒಬ್ಬಳೇ ಹುಡುಗಿ ಇಡೀ ತರಗತಿಯ ತಾಯಂದಿರಾಗಿ ರಜೆ ಹಂಚುತ್ತಿದ್ದಾಳೆ! ಹೆಡ್‌ಮಾಸ್ಟರಿಗೆ ಹೇಳಿದೆ. ನಂಬಿ ಎಂದು ನನಗೆ ಬುದ್ಧಿ ಹೇಳಿದ್ದ ಮನುಷ್ಯ ಕುರ್ಚಿಯ ತುದಿಗೆ ಬಂದು, ‘ನಂಗೂ ಬಂದಿದ್ವು ಮೇಡಂ, ಅಂಥ ಫೋನುಗಳು’ ಎಂದರು. ಅನುಮಾನ ಕೆಮ್ಮಿನ ಹಾಗೆ. ಒಬ್ಬರು ಶುರು ಮಾಡಿದರೆ ಪಕ್ಕದವರ ಗಂಟಲಲ್ಲೂ ಕಚಗುಳಿ.

ಮುಂದಿನ ವಾರ ಊಟದ ಬಿಡುವಿನಲ್ಲಿ ಹೆಡ್‌ಮಾಸ್ಟರ ಫೋನು ರಿಂಗಾಯಿತು. ಗುರುತಿಲ್ಲದ ನಂಬರು. ಹೆಂಗಸಿನ ದನಿ, ತಾನು ಶಿಕ್ಷಣಾಧಿಕಾರಿ, ನಾಳೆ ಶಾಲೆ ನೋಡಲು ಬರುತ್ತಿದ್ದೇನೆ ಎಂದಿತಂತೆ. ಹೆಡ್‌ಮಾಸ್ಟರು ನನ್ನತ್ತ ಕಣ್ಣು ಮಿಟುಕಿಸಿ, ‘ಸಾಕು ಕಣವ್ವ, ಚೆನ್ನಾಗಿ ಮಾಡ್ತೀಯ. ಹೋಗಿ ಊಟ ಮಾಡು, ಸಾರು ಆರೋಯ್ತದೆ’ ಎಂದರು. ಆ ಕಡೆಯಿಂದ ಏನು ಬಂತೋ ನನಗೆ ಕೇಳಿಸಲಿಲ್ಲ. ಅವರು ಮಾತ್ರ ಕುರ್ಚಿಯಿಂದ ಎದ್ದು ನಿಂತು, ಗೋಡೆಗೆ ಕೈಮುಗಿಯುತ್ತ, ‘ಮೇಡಂ... ಇಲ್ಲ ಮೇಡಂ... ನಾನು ಬೇರೆಯವರು ಅಂತ ಮೇಡಂ...’ ಎನ್ನತೊಡಗಿದರು.

ಅಧಿಕಾರಿ ಬಂದು ಹೋದರು, ದೊಡ್ಡ ಮನಸ್ಸಿನಿಂದ ನಕ್ಕೂ ಹೋದರು. ಆದರೆ ಹೆಡ್‌ಮಾಸ್ಟರ ಅವಮಾನ ಸಿಂಚನಳ ಮೇಲೆ ತಿರುಗಿತು. ‘ಆ ಹುಡುಗಿ ಅಪ್ಪನ್ನ ಕರೆಸಿ’ ಎಂದರು.

ಸಿಂಚನಳ ಅಪ್ಪನನ್ನು ನಾನು ಬಲ್ಲೆ. ಹೆಣ್ಣುಮಕ್ಕಳಿಗೆ ಓದು ಒಂದು ಉಪಕಾರ ಎಂದು ತಿಳಿದ ಮನುಷ್ಯ. ಅವಳ ಅಕ್ಕನನ್ನು ಯಾವುದೋ ಸಣ್ಣ ದೂರು ಕೇಳಿದ ನೆಪಕ್ಕೇ ಶಾಲೆ ಬಿಡಿಸಿ ಮನೆಯಲ್ಲಿ ಕೂರಿಸಿದ್ದರು. ಈಗ ‘ಫೋನು’ ಎಂಬ ಒಂದು ಮಾತು ಅವರ ಕಿವಿಗೆ ಬಿದ್ದರೆ ಇವಳದೂ ಮುಗಿಯಿತು. ಕಳ್ಳರನ್ನು ಹಿಡಿಯುವುದು ನನಗೆ ಇಷ್ಟ. ಹಿಡಿದ ಮೇಲೆ ಅವರಿಗೆ ಏನಾಗುತ್ತದೆ ಎಂಬುದನ್ನು ನಾನು ಅಷ್ಟಾಗಿ ಯೋಚಿಸಿದವಳಲ್ಲ.

‘ಸ್ವಲ್ಪ ತಡೀರಿ ಸಾರ್, ವಿಚಾರಿಸ್ತೀನಿ’ ಎಂದೆ.

ವಿಚಾರಣೆ ನನಗೆ ಹಬ್ಬವಾಗಬೇಕಿತ್ತು. ಒಬ್ಬೊಬ್ಬ ತಾಯಿಗೂ ಫೋನು ಮಾಡಿದೆ. ‘ನಿಮ್ಮ ಮಗಳಿಗೆ ಅವತ್ತು ಜ್ವರ ಅಂತ ಫೋನು ಮಾಡಿದ್ದು ನೀವೇನಾ?’ ಎಂದು ಕೇಳಿದರೆ, ‘ನಾನೇ ಮೇಡಂ. ಜ್ವರ ಇರ್ನಿಲ್ಲ ಬುಡಿ, ಸರಗೂರಲ್ಲಿ ನಮ್ಮಣ್ಣನ ಮಗಳ ಮದ್ವೆ ಇತ್ತು’ ಎಂದಳೊಬ್ಬಳು. ಇನ್ನೊಬ್ಬಳಿಗೆ ಗದ್ದೆ ನಾಟಿ, ಮತ್ತೊಬ್ಬಳಿಗೆ ಮಾದಪ್ಪನ ಹರಕೆ. ಫೋನು ಮಾಡಿದವರೆಲ್ಲ ನಿಜವಾದ ತಾಯಂದಿರು, ಹೇಳಿದ್ದು ಮಾತ್ರ ಸುಳ್ಳು. ಸಿಂಚನ ಎಲ್ಲಿಯೂ ಸಿಕ್ಕಲಿಲ್ಲ. ನನಗೆ ಸಮಾಧಾನವಾಗುವ ಬದಲು ಅನುಮಾನ ಇನ್ನಷ್ಟು ಗಟ್ಟಿಯಾಯಿತು. ಹಾಗಾದರೆ ಆ ತೇಪೆ ಯಾಕೆ ಹಾಕಿದಳು?

ಉತ್ತರ ಸಿಕ್ಕಿದ್ದು ಬೆಟ್ಟದಪುರದ ಬಸ್ ಸ್ಟಾಪಿನಲ್ಲಿ. ಸಂಜೆ ಹುಣಸೂರಿನ ಬಸ್ಸಿಗೆ ಕಾಯುತ್ತ ನಿಂತಿದ್ದೆ. ತಲೆಯ ಮೇಲೆ ಸೆರಗು ಹೊದ್ದ ಹೆಂಗಸೊಬ್ಬಳು ನೇರ ನನ್ನ ಬಳಿಗೆ ಬಂದು, ‘ಮೇಡಂ, ನಾನು ಜಯಮ್ಮ, ಪವಿತ್ರನ ತಾಯಿ’ ಎಂದಳು. ನಾನು ಅವಳನ್ನು ನೋಡುತ್ತಿದ್ದುದು ಅದೇ ಮೊದಲು. ಅವಳು ಮಾತ್ರ ಹಳೆಯ ಪರಿಚಯದವಳಂತೆ ನಗುತ್ತಿದ್ದಳು.

‘ನೀವು ಅವತ್ತು ಫೋನ್ ಮಾಡಿ ಯೋಳಿದ್ದು ಒಳ್ಳೇದಾಯ್ತು ಕಣ್ ಮೇಡಂ. ಸೊಪ್ಪು ಕಟ್ಟಕೆ ಆಳು ಸಿಕ್ಕಾಕಿಲ್ಲ ಅಂತ ಮಗಳ್ನ ಉಳಿಸ್ಕಂಡಿದ್ದೊ. ಇನ್ನ ಇಸ್ಕೂಲು ಸಾಕು ಅಂತ್ಲೇ ಅವರಪ್ಪ ಅಂದ್ಬುಟ್ಟಿದ್ದ. ನೀವು ಬುಡ್ಲಿಲ್ಲ, ತಿರ್ಗ ತಿರ್ಗ ಮಾಡುದ್ರಿ.’

ನಾನು ಅವಳಿಗೆ ಒಮ್ಮೆಯೂ ಫೋನು ಮಾಡಿರಲಿಲ್ಲ. ಮಾಡಿದರೆ ಜ್ವರ ಎಂದು ಸುಳ್ಳು ಹೇಳುತ್ತಾರೆ, ಯಾಕೆ ಕೇಳಬೇಕು ಎಂದು ಹಾಜರಿ ಪುಸ್ತಕದಲ್ಲಿ ಗುರುತು ಹಾಕಿ ಸುಮ್ಮನಾಗಿದ್ದೆ.

‘ನಾನೇನು ಹೇಳ್ದೆ, ಜಯಮ್ಮ?’ ಎಂದು ಮೆಲ್ಲಗೆ ಕೇಳಿದೆ.

‘ಮರ್ತೇ ಬುಟ್ರಾ? ಮೊದ್ಲು ಊಟ ಆಯ್ತಾ ಜಯಮ್ಮ ಅಂದ್ರಿ. ಆಮೇಕೆ, ಪವಿತ್ರ ಇಲ್ದೆ ಕ್ಲಾಸು ಬಣಬಣ ಅಂತದೆ ಅಂದ್ರಿ. ನಾನು ಕೈಕೆಲ್ಸ ಬುಟ್ಟು ಅಲ್ಲೇ ಕುಂತ್ಬುಟ್ಟೆ. ನಮ್ಮುಡ್ಗಿ ಇಲ್ದಿದ್ರೆ ಒಂದು ಜಾಗ ಬಣಬಣ ಅಂತದೆ ಅಂತ ನಮಗೆ ಯಾರು ಯೋಳವ್ರು?’

ಬಸ್ಸು ಬಂತು. ‘ಬತ್ತೀನಿ ಮೇಡಂ’ ಎಂದು ಅವಳು ಹೋದಳು. ನಾನು ಕಿಟಕಿಯ ಪಕ್ಕ ಕೂತು, ಒಂದೊಂದು ಊರು ದಾಟಿದ ಹಾಗೂ ಕೋಪ ಬರಿಸಿಕೊಳ್ಳಲು ನೋಡಿದೆ. ಸಿಂಚನ ನನ್ನ ದನಿಯನ್ನು ನನ್ನನ್ನು ಕೇಳದೆ ಎತ್ತಿಕೊಂಡು ಹೋಗಿದ್ದಾಳೆ. ಇದು ಕಳ್ಳತನವಲ್ಲವೇ? ಹೌದು, ಕಳ್ಳತನವೇ. ಆದರೂ ಕೋಪ ಸರಿಯಾಗಿ ಬರಲೊಲ್ಲದು. ಮನೆಗೆ ಹೋಗಿ ಕನ್ನಡಿಯ ಮುಂದೆ ನಿಂತು ‘ಊಟ ಆಯ್ತಾ ಜಯಮ್ಮ?’ ಎಂದು ಹೇಳಿ ನೋಡಿದೆ. ಬ್ಯಾಂಕಿನ ಕೌಂಟರಿನವರು ಕೇಳಿದ ಹಾಗಿತ್ತು.

ಮರುದಿನ ಸಿಂಚನಳನ್ನು ಕೈತೊಳೆಯುವ ನಲ್ಲಿಯ ಪಕ್ಕದ ಹೊಂಗೆ ಮರದ ಕೆಳಗೆ ಕರೆದೆ. ‘ಜಯಮ್ಮ ಸಿಕ್ಕಿದ್ರು’ ಎಂದೆ, ಅಷ್ಟೇ.

‘ಅಪ್ಪನಿಗೆ ಯೋಳ್ಬೇಡಿ ಮಿಸ್.’

‘ಯಾರ ಫೋನು?’

‘ಅಕ್ಕಂದು. ಅಕ್ಕನೇ ಮಾಡು ಅಂದ್ಲು. ನನ್ನಂಗೆ ಆಗ್ಬಾರ್ದು ಅವ್ಳು ಅಂದ್ಲು.’

‘ಫೋನು ಮಾಡೋಕೆ ನನ್ನ ದನಿನೇ ಯಾಕೆ ಬೇಕಿತ್ತು?’

‘ನಾನು ಯೋಳುದ್ರೆ ಕೇಳ್ತಿರ್ಲಿಲ್ಲ ಮಿಸ್. ನೀವು ಯೋಳುದ್ರೆ ಕೇಳ್ತಾರೆ.’

‘ನಾನು ಹೇಳಿರ್ಲಿಲ್ವಲ್ಲ!’

‘ಅದಕ್ಕೇ ಮಿಸ್’ ಎಂದಳು. ಅದರಲ್ಲಿ ಕೊಂಕಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಕೊಂಕಿದ್ದಿದ್ದರೆ ನನಗೆ ಬಯ್ಯಲು ಸುಲಭವಾಗುತ್ತಿತ್ತು.

‘ಊಟ ಆಯ್ತಾ ಅಂತ ನಾನು ಯಾರನ್ನೂ ಕೇಳೋದಿಲ್ಲ’ ಎಂದೆ.

‘ಅದು ನಾನು ಸೇರಿಸ್ಕಂಡಿದ್ದು ಮಿಸ್. ಬರೀ ನಿಮ್ದೇ ಮಾಡಿದ್ರೆ ಅವ್ರು ಫೋನ್ ಇಟ್ಬುಡ್ತಿದ್ರು.’

ಸಹಪಾಠಿಗಳ ಕೆಲಸಕ್ಕೆ ಒಂದು ಮೆಚ್ಚುಗೆ, ಒಂದು ಪ್ರಶ್ನೆ ಎಂದು ಮಕ್ಕಳಿಗೆ ಹೇಳಿಕೊಟ್ಟವಳು ನಾನು. ನನ್ನ ಕೆಲಸದ ಬಗ್ಗೆ ಇಷ್ಟು ಸರಿಯಾಗಿ ಯಾವ ಅಧಿಕಾರಿಯೂ ಬರೆದಿರಲಿಲ್ಲ.

ಇನ್ನು ಮುಂದೆ ಯಾರ ದನಿಯಲ್ಲೂ ಫೋನು ಮಾಡಬಾರದು, ಇನ್ನೊಬ್ಬರ ಕೈಯಲ್ಲಿ ಅದು ಎಂಥ ಅನಾಹುತ ಮಾಡುತ್ತದೆ ಎಂದು ಬಿಡಿಸಿ ಹೇಳಿದೆ. ಅವಳು ಮಾತು ಕೊಟ್ಟಳು. ಹೆಡ್‌ಮಾಸ್ಟರ ಬಳಿ ಹೋಗಿ, ‘ರಜೆ ಫೋನುಗಳೆಲ್ಲ ತಾಯಂದಿರೇ ಮಾಡಿದ್ದು ಸಾರ್, ಒಬ್ಬೊಬ್ಬರನ್ನೂ ಕೇಳಿದ್ದೀನಿ. ಸಿಂಚನಂದು ಅದರಲ್ಲಿ ಏನೂ ಇಲ್ಲ’ ಎಂದೆ. ಆ ಮಾತು ನಿಜವೇ. ಪೂರ್ತಿ ನಿಜವಲ್ಲ. ಅವರು ಕನ್ನಡಕದ ಮೇಲಿನಿಂದ ನೋಡಿ, ‘ನೀವು ಒಬ್ಬರನ್ನ ಇಷ್ಟು ಬೇಗ ಬಿಟ್ಟುಬಿಟ್ರಾ?’ ಎಂದರು. ಆದರೂ ಅವಳ ಅಪ್ಪನನ್ನು ಕರೆಸುವ ಮಾತು ಅಲ್ಲಿಗೆ ನಿಂತಿತು.

ಕತೆ ಇಲ್ಲಿಗೆ ಮುಗಿದಿದ್ದರೆ ನನಗೆ ಹಗುರವಾಗುತ್ತಿತ್ತು. ಆದರೆ ಬೆಂದ ಹೊಗೆಸೊಪ್ಪನ್ನು ಬಣ್ಣ ನೋಡಿ ವಿಂಗಡಿಸುವ ಕಾಲ ಬಂತು, ಪವಿತ್ರ ಮತ್ತೆ ಕಾಣೆಯಾದಳು. ಸಿಂಚನ ತರಗತಿಯಲ್ಲಿ ನನ್ನನ್ನೇ ನೋಡುತ್ತಿದ್ದಳು. ಮಾತು ಕೊಟ್ಟಿದ್ದಳು, ಪಾಪ. ನಾನು ಜಯಮ್ಮನಿಗೆ ಫೋನು ಮಾಡಿದೆ.

‘ನಾನು, ಪವಿತ್ರನ ಮಿಸ್ಸು’ ಎಂದೆ.

‘ಯಾವ ಮಿಸ್ಸು?’ ಎಂದಳು.

‘ಸಮಾಜದ ಮಿಸ್ಸು, ಬಸ್ ಸ್ಟಾಪಲ್ಲಿ ಸಿಕ್ಕಿದ್ನಲ್ಲ.’

‘ನೀವಲ್ಲ ಬುಡಿ. ನಮ್ ಮೇಡಂ ಫೋನಲ್ಲಿ ಇಂಗೆ ಮಾತಾಡಕಿಲ್ಲ. ಯಾರು ನಿಜ ಯೋಳಿ?’

ನಿಜ ಹೇಳಿ ಎಂದು ಊರನ್ನೆಲ್ಲ ಕಾಡಿದವಳು ನಾನು. ನಿಜ ಹೇಳಿದರೂ ನಂಬಿಸುವುದು ಹೇಗೆಂದು ತಿಳಿಯದೆ ಫೋನು ಹಿಡಿದು ನಿಂತೆ. ಕೊನೆಗೆ, ‘ಹಂಗಾದ್ರೆ ನಾನೇ ಬರ್ತೀನಿ, ನೋಡಿಯೇ ಹೇಳಿ’ ಎಂದು ಇಟ್ಟೆ.

ಭಾನುವಾರ ಹೋದೆ. ಬಸ್ಸಿಳಿದು ಬೇಲಿ ಸಾಲಿನ ದಾರಿಯಲ್ಲಿ ನಡೆದರೆ ಅವರ ಮನೆ. ಜಗುಲಿಯ ತುಂಬ ಹಳದಿ ಸೊಪ್ಪು. ಜಯಮ್ಮ ನನ್ನನ್ನು ಕಂಡು ದಡಬಡಿಸಿ ಎದ್ದಳು. ‘ಅಯ್ಯೋ, ನೀವೇನಾ ಮಾಡಿದ್ದು? ಮೋಸದ ಫೋನು ಅಂದ್ಕಂಡೆ ಮೇಡಂ. ಈಗ ಯಾರ್ನ ನಂಬಂಗದೆ ಯೋಳಿ’ ಎಂದಳು. ಅವಳ ಗಂಡ ಮೂಲೆಯಲ್ಲಿ ಕೂತು, ನನ್ನನ್ನು ತೆರಿಗೆಯವರು ಬಂದಂತೆ ನೋಡುತ್ತಿದ್ದ. ನಾನೂ ಸೊಪ್ಪಿನ ಮುಂದೆ ಕೂತೆ. ಒಂದೊಂದು ಎಲೆ ಎತ್ತಿ ಪವಿತ್ರಳಿಗೆ ತೋರಿಸುವುದು, ಅವಳು ‘ಅದು ಈ ಕಡೀಕೆ ಮಿಸ್’ ಎನ್ನುವುದು. ಮಧ್ಯಾಹ್ನ ಅಲ್ಲೇ ಉಂಡೆ. ಎಷ್ಟು ತೊಳೆದರೂ ಕೈಯ ಕಹಿ ಹೋಗದೆ ಮುದ್ದೆಯೂ ಕಹಿ, ಸಾರೂ ಕಹಿ. ‘ದಿನಾ ಇಂಗೇನಾ?’ ಎಂದು ಪವಿತ್ರಳನ್ನು ಕೇಳಿದೆ. ‘ಅಭ್ಯಾಸ ಆಯ್ತದೆ ಮಿಸ್’ ಎಂದಳು. ಅದನ್ನು ಕೇಳಿ ಅವಳಪ್ಪ ತಟ್ಟೆಯಿಂದ ತಲೆಯೆತ್ತಿ ಮಗಳನ್ನು ನೋಡಿದ. ಹೊರಡುವಾಗ ಅವನೇ, ‘ಸೋಮವಾರದಿಂದ ಕಳುಸ್ತೀನಿ ಬುಡಿ’ ಎಂದ. ನನಗೆ ನಂಬಿಕೆ ಬರಲಿಲ್ಲ.

ಸೋಮವಾರ ಪವಿತ್ರ ಬಂದಳು. ಆ ಶನಿವಾರ ‘ನನ್ನ ಇಷ್ಟ’ದಲ್ಲಿ ಅವಳದೇ ಸರದಿ. ‘ನಂಗೆ ಇಸ್ಕೂಲಿಗೆ ಬರೋ ದಾರಿ ಇಷ್ಟ’ ಎಂದು ಶುರುಮಾಡಿದಳು. ಯಾವ ತಿರುವಿನಲ್ಲಿ ಬೆಟ್ಟ ಕಾಣುತ್ತದೆ, ಎಲ್ಲಿ ಮರೆಯಾಗುತ್ತದೆ, ಯಾವ ಮನೆಯ ನಾಯಿ ಬೊಗಳುತ್ತದೆ, ಯಾವುದು ಬರೀ ಬಾಲ ಅಲ್ಲಾಡಿಸುತ್ತದೆ, ಮಂಜಿದ್ದಾಗ ಬಸ್ಸಿನ ಸದ್ದು ಮೊದಲು ಯಾವ ಕಡೆಯಿಂದ ಬರುತ್ತದೆ. ಹೇಳುತ್ತ ಹೇಳುತ್ತ ಅವಳ ಕಪ್ಪು ಬೆರಳು ಗಾಳಿಯಲ್ಲಿ ದಾರಿ ಬರೆಯುತ್ತಿತ್ತು. ಬಾಗಿಲಲ್ಲಿ ಹೆಡ್‌ಮಾಸ್ಟರು ಬಂದು ನಿಂತು ಕೇಳುತ್ತಿದ್ದರು. ನಾನು ಬಾಯಿ ಹಾಕಲಿಲ್ಲ.

ಮುಗಿದ ಮೇಲೆ ಎಲ್ಲರೂ ಒಂದೊಂದು ಹೇಳಿದರು. ಕೊನೆಯಲ್ಲಿ ಸಿಂಚನ ಎದ್ದು ನಿಂತಳು. ಯಾರ ದನಿಯೂ ಅಲ್ಲದ, ತುಸು ಒಡಕಾದ ಅವಳದೇ ದನಿಯಲ್ಲಿ ಕೇಳಿದಳು: ‘ಸೋಮವಾರನೂ ಬತ್ತೀಯ?’

‘ಬತ್ತೀನಿ ಕಣೆ’ ಎಂದಳು ಪವಿತ್ರ. ‘ನೀನೇನ್ ಫೋನ್ ಮಾಡ್ಬೇಡ.’

ತರಗತಿಗೆ ಅರ್ಥವಾಗಲಿಲ್ಲ. ಅವರಿಬ್ಬರು ಮಾತ್ರ ಬಾಯಿಗೆ ಕೈ ಅಡ್ಡ ಹಿಡಿದು ನಗತೊಡಗಿದರು. ಪವಿತ್ರ ನಗುವುದನ್ನು ನಾನು ನೋಡಿದ್ದು ಅದೇ ಮೊದಲು.

ಹೆಡ್‌ಮಾಸ್ಟರು ಮೆಲ್ಲಗೆ ನನ್ನ ಪಕ್ಕಕ್ಕೆ ಬಂದರು. ‘ಯಾವ ಫೋನು ಮೇಡಂ?’

‘ಏನೋ ಮಕ್ಕಳ ಮಾತು ಸಾರ್’ ಎಂದೆ.

ಅವರು ನನ್ನ ಮುಖವನ್ನೇ ನೋಡುತ್ತ ನಿಂತರು. ನಂಬಲಿಲ್ಲ ಎಂದು ನೋಡಿದರೆ ಗೊತ್ತಾಗುತ್ತಿತ್ತು.